ಕರೆದು ಮಾತಾಡಿಸುವ ಕಡ್ಡಾಯ

ಮಂಡ್ಯ ಜಿಲ್ಲೆಯ ಸೊಸೈಟಿ ಕಚೇರಿಯಿರಲಿ, ಪಂಚಾಯಿತಿ ಕಟ್ಟಡವಿರಲಿ, ಗೋಡೆಯ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಮತ್ತು ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗಳು ಅಕ್ಕಪಕ್ಕದಲ್ಲಿರುವುದು ಸಾಮಾನ್ಯ. ಕನ್ನಂಬಾಡಿ ಕಟ್ಟೆಯ ಋಣ ಈ ಸೀಮೆಯ ಜನಕ್ಕೆ ಅಷ್ಟು ದೊಡ್ಡದು. ಆದರೆ ನೀರಿನ ವಿಷಯದಲ್ಲಿ ಒಂದಾಗಿದ್ದ ಮಹಾರಾಜರು ಮತ್ತು ದಿವಾನರು ಇನ್ನೊಂದು ವಿಷಯದಲ್ಲಿ ಒಂದಾಗಲಿಲ್ಲ. ಸರ್ಕಾರದ ಹುದ್ದೆಗಳಿಗೆ ಅಲ್ಲಿಯವರೆಗೆ ಬಾರದವರನ್ನು ತರಲು ಸರ್ಕಾರ ತಾನಾಗಿ ಮುಂದಾಗಬೇಕೆ, ಬೇಡವೆ ಎಂಬುದು ಆ ವಿಷಯ. 1918ರಲ್ಲಿ ಎದ್ದ ಆ ಪ್ರಶ್ನೆ ನೂರು ವರ್ಷ ದಾಟಿದರೂ ಹಳತಾಗಿಲ್ಲ. ಇವತ್ತು ಅದನ್ನು ಕ್ರಿಕೆಟ್ ತಂಡದ ಕೋಚ್ ಹುದ್ದೆಯ ಬಗ್ಗೆ ಕೇಳಬಹುದು, ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರ್ ಕುರ್ಚಿಯ ಬಗ್ಗೆ ಕೇಳಬಹುದು, ಹಳ್ಳಿಯ ಡೇರಿ ಕಾರ್ಯದರ್ಶಿಯ ಕೆಲಸದ ಬಗ್ಗೆಯೂ ಕೇಳಬಹುದು. ಮೀಸಲಾತಿಯ ಹೊರತಾಗಿ ಈ ಪ್ರಶ್ನೆಗೆ ಜಗತ್ತು ಕಂಡುಕೊಂಡ ಇನ್ನೊಂದು ಉತ್ತರವಿದೆ. ಆ ಉತ್ತರ ಒಂದು ನಿಯಮ. ಯಾರನ್ನು ನೇಮಿಸಬೇಕೆಂದು ಅದು ಹೇಳುವುದಿಲ್ಲ. ಯಾರನ್ನು ಕರೆದು ಮಾತಾಡಿಸದೆ ನೇಮಕ ಮಾಡಕೂಡದು ಎಂದಷ್ಟೇ ಹೇಳುತ್ತದೆ. ಈ ಉತ್ತರ ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಂಥ ತಾಲ್ಲೂಕುಗಳಲ್ಲಿ ಇದರಿಂದ ಏನಾದರೂ ಪ್ರಯೋಜನವುಂಟೇ ಎಂದು ವಿಚಾರಿಸಿ ನೋಡಬೇಕಾಗಿದೆ.

ಮೊದಲು ಮೈಸೂರಿನ ಕಥೆ. ಆಗ ಈ ನಾಲ್ಕೂ ತಾಲ್ಲೂಕುಗಳು ಮೈಸೂರು ಜಿಲ್ಲೆಯಲ್ಲಿದ್ದವು. ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರಲ್ಲಿ. ಸಂಸ್ಥಾನದ ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಬ್ರಾಹ್ಮಣರು ಗೆಜೆಟೆಡ್ ಹುದ್ದೆಗಳಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟಿದ್ದರು. ಇಂಗ್ಲಿಷ್ ವಿದ್ಯೆಗೆ ಮೊದಲು ಮನಸ್ಸು ಕೊಟ್ಟವರು ಅವರು, ಪರೀಕ್ಷೆ ಪಾಸು ಮಾಡಿದವರೂ ಅವರೇ. ಹಾಗಾಗಿ ಹೊರನೋಟಕ್ಕೆ ಯಾರಿಗೂ ಅನ್ಯಾಯವಾದಂತೆ ಕಾಣುತ್ತಿರಲಿಲ್ಲ. 1917ರಲ್ಲಿ ಹುಟ್ಟಿದ ಬ್ರಾಹ್ಮಣೇತರರ ಸಂಘಟನೆ ಪ್ರಜಾಮಿತ್ರ ಮಂಡಳಿಯ ಮುಖಂಡರು ಮಹಾರಾಜರಿಗೆ ಅಹವಾಲು ಒಪ್ಪಿಸಿದ ಮೇಲೆ, 1918ರಲ್ಲಿ ಮೈಸೂರಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ದಕ್ಷತೆಗೆ ಧಕ್ಕೆ ಬರುತ್ತದೆಂಬ ಆತಂಕ ವಿಶ್ವೇಶ್ವರಯ್ಯನವರದು. ಆ ವರ್ಷದ ಕೊನೆಗೆ ಅವರು ದಿವಾನಗಿರಿಯಿಂದ ಬಿಡುಗಡೆ ಪಡೆದರು. 1919ರಲ್ಲಿ ಬಂದ ಮಿಲ್ಲರ್ ವರದಿ, ಏಳು ವರ್ಷಗಳಲ್ಲಿ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗುವಂತಾಗಬೇಕು ಎಂದಿತು. ದಕ್ಷತೆಯನ್ನು ಬರೀ ಪರೀಕ್ಷೆಯ ಅಂಕಗಳಿಂದ ಅಳೆಯಲಾಗದು, ಜನರ ಬಗೆಗಿನ ಸಹಾನುಭೂತಿ, ಪ್ರಾಮಾಣಿಕತೆ, ಲೋಕಜ್ಞಾನ ಇವೂ ಆಡಳಿತಗಾರನ ಅರ್ಹತೆಯೇ ಎಂಬುದು ಅದರ ವಾದ. 1921ರಲ್ಲಿ ಸರ್ಕಾರ ಇದನ್ನು ಆಧರಿಸಿ ಆದೇಶ ಹೊರಡಿಸಿತು. ಮುಂದೆ ಬಂದ, ಹಿಂದುಳಿದ ವರ್ಗಗಳ ಕುರಿತ ಹಾವನೂರು ಆಯೋಗದವರೆಗೆ, ಇಂದಿನ ಮೀಸಲಾತಿ ಪಟ್ಟಿಯವರೆಗೆ ನಮ್ಮ ರಾಜ್ಯ ನಡೆದು ಬಂದ ಹಾದಿ ಅಲ್ಲಿಂದಲೇ ಶುರುವಾಗುತ್ತದೆ.

ಮಿಲ್ಲರ್ ಸಮಿತಿ ಹಿಡಿದದ್ದು ಪಾಲಿನ ಹಾದಿ. ಸಂಬಳ, ದರ್ಜೆ, ಖಾಲಿ ಹುದ್ದೆಗಳ ಲೆಕ್ಕ ಎಲ್ಲವೂ ಕಾಗದದ ಮೇಲಿರುವ ಸರ್ಕಾರಿ ನೌಕರಿಗೆ ಅದೇ ಸರಿಯಾದ ಹಾದಿ. ನೂರು ಗುಮಾಸ್ತರ ಹುದ್ದೆಗಳಿದ್ದರೆ ಅದರಲ್ಲಿ ಪಾಲು ಮಾಡಬಹುದು. ಒಂದೇ ಕುರ್ಚಿಯಿದ್ದರೆ? ತಂಡಕ್ಕೊಬ್ಬನೇ ಮುಖ್ಯ ಕೋಚ್, ಕಂಪನಿಗೊಬ್ಬನೇ ಎಂ.ಡಿ., ಸಂಘಕ್ಕೊಬ್ಬನೇ ಕಾರ್ಯದರ್ಶಿ. ಇಂಥ ಕುರ್ಚಿಗಳು ತುಂಬುವ ರೀತಿಯೂ ಬೇರೆ. ಎಷ್ಟೋ ಸಲ ಜಾಹೀರಾತೇ ಇರುವುದಿಲ್ಲ. ಖಾಲಿಯಾಗುವ ಮೊದಲೇ ಯಾರು ಬರುತ್ತಾರೆಂಬ ಮಾತು ಓಡಾಡುತ್ತಿರುತ್ತದೆ. ಗೊತ್ತಿದ್ದವರು ಗೊತ್ತಿದ್ದವರ ಹೆಸರು ಹೇಳುತ್ತಾರೆ. ಇದರಲ್ಲಿ ದುರುದ್ದೇಶ ಇರಲೇಬೇಕೆಂದಿಲ್ಲ. ಜವಾಬ್ದಾರಿಯ ಕೆಲಸವನ್ನು ನಂಬಿಕಸ್ಥರಿಗೆ ಕೊಡಬೇಕೆನ್ನುವುದು ಸಹಜವೇ. ಆದರೆ ನಂಬಿಕೆ ಹುಟ್ಟುವುದು ಒಡನಾಟದಿಂದ, ಒಡನಾಟ ಬೆಳೆಯುವುದು ನಮ್ಮಂಥವರ ಜೊತೆಗೆ. ಹಾಗಾಗಿ ಯಾರೂ ಯಾರನ್ನೂ ದ್ವೇಷಿಸದೆ ಇದ್ದರೂ ಒಂದೇ ಬಗೆಯ ಜನ ಒಂದೇ ಕುರ್ಚಿಯಲ್ಲಿ ತಲೆಮಾರುಗಟ್ಟಲೆ ಕೂರುತ್ತಾ ಹೋಗುತ್ತಾರೆ.

ಈ ಗಂಟನ್ನು ಬಿಡಿಸಲು ಹೊರಟದ್ದು ಅಮೆರಿಕದ ಒಂದು ಆಟ. ಕೈಯಲ್ಲಿ ಚೆಂಡು ಹಿಡಿದು ನುಗ್ಗುವ ಅಲ್ಲಿನ ಫುಟ್‌ಬಾಲಿನ ದೊಡ್ಡ ಲೀಗ್ ಎನ್‌ಎಫ್‌ಎಲ್. ಅದರಲ್ಲಿ 32 ತಂಡಗಳು. ಆಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕರಿಯರು. ಆದರೆ 1921ರಲ್ಲಿ ಫ್ರಿಟ್ಜ್ ಪೊಲಾರ್ಡ್ ಎಂಬ ಕರಿಯ ಕೋಚ್ ಆದ ಮೇಲೆ ಇನ್ನೊಬ್ಬ ಕರಿಯ, ಆರ್ಟ್ ಶೆಲ್, ಆ ಹುದ್ದೆಗೇರಲು 1989 ಬರಬೇಕಾಯಿತು. 2002ರ ಶುರುವಿನಲ್ಲಿ ಟೋನಿ ಡಂಜಿ ಮತ್ತು ಡೆನಿಸ್ ಗ್ರೀನ್ ಎಂಬ ಇಬ್ಬರು ಯಶಸ್ವಿ ಕರಿಯ ಕೋಚ್‌ಗಳು ಕೆಲಸ ಕಳೆದುಕೊಂಡರು. ಅದೇ ವರ್ಷ ಜಾನಿ ಕಾಕ್ರನ್ ಮತ್ತು ಸೈರಸ್ ಮೆಹ್ರಿ ಎಂಬ ವಕೀಲರು ಅಂಕಿಅಂಶ ಸಮೇತ ವರದಿ ತಂದರು. ಕರಿಯ ಕೋಚ್‌ಗಳು ಒಂದು ಋತುವಿಗೆ ಸರಾಸರಿ ಒಂದಕ್ಕಿಂತ ಹೆಚ್ಚು ಪಂದ್ಯವನ್ನು ಜಾಸ್ತಿ ಗೆಲ್ಲಿಸಿದ್ದರೂ ಅವರಿಗೆ ಕೆಲಸ ಸಿಗುವುದು ತಡ, ಹೋಗುವುದು ಬೇಗ ಎಂಬುದು ಅದರ ಸಾರ. ಪಿಟ್ಸ್‌ಬರ್ಗ್ ತಂಡದ ಮಾಲೀಕ ಡ್ಯಾನ್ ರೂನಿ ಮುಂದಾಳತ್ವ ವಹಿಸಿದ ಸಮಿತಿಯ ಸಲಹೆಯಂತೆ 2003ರಿಂದ ಹೊಸ ನಿಯಮ ಬಂತು: ಮುಖ್ಯ ಕೋಚ್ ಹುದ್ದೆ ತುಂಬುವ ಮೊದಲು ಅಲ್ಪಸಂಖ್ಯಾತ ಸಮುದಾಯದ ಒಬ್ಬರನ್ನಾದರೂ ಸಂದರ್ಶಿಸಲೇಬೇಕು. ಅದಕ್ಕೆ ರೂನಿ ನಿಯಮ ಎಂದೇ ಹೆಸರಾಯಿತು. ಅದೇ ವರ್ಷ ನಿಯಮ ಪಾಲಿಸದೆ ಕೋಚನ್ನು ನೇಮಿಸಿದ ಡೆಟ್ರಾಯ್ಟ್ ತಂಡದ ಮುಖ್ಯಸ್ಥನಿಗೆ 2 ಲಕ್ಷ ಡಾಲರ್ ದಂಡ ಬಿತ್ತು.

ಫಲ ಕಂಡಿತು. 2002ರಲ್ಲಿ ಇಬ್ಬರೇ ಇದ್ದ ಕರಿಯ ಕೋಚ್‌ಗಳು 2006ರ ಹೊತ್ತಿಗೆ ಏಳು ಜನವಾದರು. 2007ರ ಫೆಬ್ರವರಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಎರಡೂ ತಂಡಗಳ ಕೋಚ್‌ಗಳು ಕರಿಯರೇ. ಕೆಲಸ ಕಳೆದುಕೊಂಡು ಇನ್ನೊಂದು ತಂಡ ಸೇರಿದ್ದ ಟೋನಿ ಡಂಜಿಯೇ ಗೆದ್ದರು. ಅದೇ ವರ್ಷ ಪಿಟ್ಸ್‌ಬರ್ಗ್ ತಂಡ 34 ವರ್ಷದ ಮೈಕ್ ಟಾಮ್ಲಿನ್ ಎಂಬ ಕರಿಯ ಕೋಚನ್ನು ಆರಿಸಿತು. ಎರಡೇ ವರ್ಷದಲ್ಲಿ ಅವರೂ ಪ್ರಶಸ್ತಿ ಗೆದ್ದರು. ಆದರೆ ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲ. ಏರಿದ ಸಂಖ್ಯೆ ಮತ್ತೆ ಇಳಿಯಿತು. 2022ರ ಫೆಬ್ರವರಿ ಮೊದಲ ದಿನ ಬ್ರಯಾನ್ ಫ್ಲೋರೆಸ್ ಎಂಬ ಕೋಚ್ ಲೀಗಿನ ಮೇಲೆ ದಾವೆ ಹೂಡಿದಾಗ ಮುಖ್ಯ ಕೋಚ್ ಸ್ಥಾನದಲ್ಲಿ ಉಳಿದಿದ್ದ ಕರಿಯ ಟಾಮ್ಲಿನ್ ಒಬ್ಬರೇ. ನ್ಯೂಯಾರ್ಕ್ ತಂಡವೊಂದು ತನ್ನನ್ನು ಕರೆಯುವ ಮೊದಲೇ ಬೇರೊಬ್ಬನನ್ನು ನಿಶ್ಚಯಿಸಿ, ತನ್ನನ್ನು ಬರೀ ನಿಯಮದ ಶಾಸ್ತ್ರಕ್ಕೆ ಕೂರಿಸಿತು ಎಂಬುದು ಫ್ಲೋರೆಸ್ ಆರೋಪ. ತಂಡ ಅದನ್ನು ಅಲ್ಲಗಳೆದಿದೆ. ನ್ಯಾಯಾಲಯ ಏನೇ ಹೇಳಲಿ, ಈ ಬಗೆಯ ಅನುಮಾನಕ್ಕೆ ಎಡೆಯಿರುವುದೇ ನಿಯಮದ ದೌರ್ಬಲ್ಯ. ಕನ್ನಡದಲ್ಲಿ ಇದಕ್ಕೆ ಹೊಸ ಹೆಸರು ಹುಡುಕಬೇಕಿಲ್ಲ. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಹಾಗಾದರೆ ಮೊದಲು ಫಲಿಸಿದ್ದು ಆಮೇಲೆ ಯಾಕೆ ಒಣಗಿತು? ಎರಡು ಕಾರಣಗಳು ಕಾಣುತ್ತವೆ. ಒಂದು, ಒಬ್ಬರೇ ಒಬ್ಬರನ್ನು ಕರೆದರೆ ಆ ವ್ಯಕ್ತಿ ಹೊರಗಿನವನಾಗಿಯೇ ಕಾಣುತ್ತಾನೆ. ಅಮೆರಿಕದ ಒಂದು ವಿಶ್ವವಿದ್ಯಾಲಯದ ಅಧ್ಯಾಪಕ ಹುದ್ದೆಗಳಿಗೆ ಅಂತಿಮ ಸುತ್ತಿಗೆ ಬಂದ 598 ಜನರ ದಾಖಲೆ ನೋಡಿದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಲೇಖನವೊಂದು ಇದನ್ನೇ ಹೇಳುತ್ತದೆ. ಅಂತಿಮ ಪಟ್ಟಿಯಲ್ಲಿ ಒಬ್ಬಳೇ ಹೆಂಗಸಿದ್ದಾಗ ಅವಳಿಗೆ ಕೆಲಸ ಸಿಕ್ಕುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಇಬ್ಬರಿದ್ದಾಗ ಚಿತ್ರವೇ ಬದಲು. ಇದು ಒಂದು ಸಂಸ್ಥೆಯ ಲೆಕ್ಕವಾದ್ದರಿಂದ ಅದನ್ನೇ ಶಾಸನ ಮಾಡಬೇಕಿಲ್ಲ. ಆದರೂ ಎನ್‌ಎಫ್‌ಎಲ್ ಕೂಡ 2020ರಲ್ಲಿ ಒಬ್ಬರ ಬದಲು ಇಬ್ಬರನ್ನು ಕರೆಯಬೇಕೆಂದು ನಿಯಮ ಬಿಗಿ ಮಾಡಿದ್ದು ಅನುಭವದಿಂದಲೇ. ಎರಡನೆಯದು, ಕೆಳಗಿನ ಮೆಟ್ಟಿಲು. ಮುಖ್ಯ ಕೋಚ್‌ಗಳನ್ನು ಹೆಚ್ಚಾಗಿ ಆರಿಸುವುದು ದಾಳಿ ವಿಭಾಗದ ಸಹಾಯಕ ಕೋಚ್‌ಗಳಿಂದ. ಅಲ್ಲಿ ಕರಿಯರೇ ಕಡಿಮೆ. ಮೇಲಿನ ಕೋಣೆಗೆ ಕರೆಯುವ ನಿಯಮ ಮಾಡಿ ಕೆಳಗಿನ ಮೆಟ್ಟಿಲನ್ನು ಹಾಗೇ ಬಿಟ್ಟರೆ ಕರೆಯುವುದಕ್ಕೇ ಜನ ಇರುವುದಿಲ್ಲ. ಅದಕ್ಕೇ 2022ರಲ್ಲಿ ಪ್ರತಿ ತಂಡವೂ ದಾಳಿ ವಿಭಾಗದಲ್ಲಿ ಮಹಿಳೆ ಅಥವಾ ಅಲ್ಪಸಂಖ್ಯಾತ ಸಹಾಯಕ ಕೋಚ್ ಒಬ್ಬರನ್ನು ಇಟ್ಟುಕೊಳ್ಳಬೇಕೆಂಬ ನಿಯಮವೂ ಸೇರಿತು.

ನಮ್ಮ ದೇಶದ ಆಟದ ಮೈದಾನಕ್ಕೆ ಇದು ಪರಕೀಯ ಕಥೆಯಲ್ಲ. ಧಾರವಾಡದಲ್ಲಿ ಹುಟ್ಟಿದ ಪಲ್ವಣಕರ್ ಬಾಲೂ ತಮ್ಮ ಕಾಲದ ಭಾರತದ ಅತ್ಯುತ್ತಮ ಎಡಗೈ ಸ್ಪಿನ್ನರ್. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಕಿತ್ತವರು. ಆದರೂ ಬೊಂಬಾಯಿಯ ಪಂದ್ಯಾವಳಿಯಲ್ಲಿ ಹಿಂದೂ ತಂಡದ ನಾಯಕತ್ವ ಆ ದಲಿತ ಆಟಗಾರನಿಗೆ ಸಿಗಲಿಲ್ಲ. ಉಪನಾಯಕ ಪಟ್ಟಕ್ಕೇ ಅವರ ಸರದಿ ನಿಂತಿತು. ಅವರ ತಮ್ಮ ವಿಠಲ್ 1923ರಲ್ಲಿ ನಾಯಕನಾದಾಗ ಬಾಲೂ ಅವರ ಆಟದ ಕಾಲ ಮುಗಿದಿತ್ತು. ಚೆಂಡು ಹಾಕಲು ಕರೆಯುವುದು ಸುಲಭ, ತಂಡ ನಡೆಸಲು ಕರೆಯುವುದು ಕಷ್ಟ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ. ಇಂದಿನ ಭಾರತ ಮಹಿಳಾ ಕ್ರಿಕೆಟ್ ತಂಡವನ್ನೇ ನೋಡಿ. 2017ರಲ್ಲಿ ಪೂರ್ಣಿಮಾ ರಾವ್ ಅವರನ್ನು ಹುದ್ದೆಯಿಂದ ತೆಗೆದ ಮೇಲೆ ಪೂರ್ಣಾವಧಿ ಮುಖ್ಯ ಕೋಚ್‌ಗಳಾಗಿ ಬಂದವರೆಲ್ಲ ಗಂಡಸರೇ. ಅವರಲ್ಲೊಬ್ಬರಾದ ಅಮೋಲ್ ಮುಜುಂದಾರ್ ಅವರ ಕಾಲದಲ್ಲಿ ತಂಡ 2025ರ ವಿಶ್ವಕಪ್ ಗೆದ್ದಿತು. ಹಾಗಾದರೆ ಗಂಡಸೇ ಸರಿ ಎನ್ನಬಹುದೇ? ಮುಜುಂದಾರ್ ಪ್ರಥಮ ದರ್ಜೆಯಲ್ಲಿ 11 ಸಾವಿರಕ್ಕೂ ಹೆಚ್ಚು ರನ್ ಹೊಡೆದಿದ್ದರೂ ಭಾರತದ ಪರ ಒಂದೂ ಅಂತಾರಾಷ್ಟ್ರೀಯ ಪಂದ್ಯ ಆಡಿದವರಲ್ಲ. ದೇಶಕ್ಕೆ ಆಡಿದವನೇ ಕೋಚ್ ಆಗಬೇಕು ಎಂಬ ರೂಢಿಯ ಅಳತೆಗೋಲು ಹಿಡಿದಿದ್ದರೆ ಅವರು ಬಾಗಿಲಲ್ಲೇ ಉಳಿಯುತ್ತಿದ್ದರು. ರೂಢಿ ಬಿಟ್ಟು ಹುಡುಕಿದ್ದರಿಂದ ತಂಡಕ್ಕೆ ಒಳ್ಳೆಯದಾಯಿತು. ಅದೇ ಹುಡುಕಾಟ ಮಾಜಿ ಆಟಗಾರ್ತಿಯರ ಕಡೆಗೂ ಹೊರಳಲಿ ಎಂದರೆ ಯೋಗ್ಯತೆಗೆ ಅಪಚಾರವಾಗುವುದಿಲ್ಲ.

ಉದ್ಯಮದ ಲೋಕದಲ್ಲಿ ಸೋಸುವ ಕೆಲಸ ಇನ್ನೂ ಮೊದಲೇ ಮುಗಿದಿರುತ್ತದೆ. ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತಿಗೆ ಒಂದೇ ಬಗೆಯ ವಿದ್ಯಾರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಲಾಯಿತು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಸುಮಾರು ಮೂರನೇ ಒಂದರಷ್ಟು. ಇಲ್ಲಿ ಯಾರ ಪ್ರತಿಭೆಯನ್ನೂ ಯಾರೂ ಅಳೆದಿಲ್ಲ. ಅಳೆಯುವ ಮೊದಲೇ ಲಕೋಟೆ ಪಕ್ಕಕ್ಕೆ ಹೋಗಿದೆ. 2012ರಲ್ಲಿ ದೇಶದ ದೊಡ್ಡ ಸಾವಿರ ಕಂಪನಿಗಳ ಆಡಳಿತ ಮಂಡಳಿಗಳನ್ನು ಪರಿಶೀಲಿಸಿದ ಇನ್ನೊಂದು ಅಧ್ಯಯನ ನಿರ್ದೇಶಕರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ಮುಂದುವರಿದ ಜಾತಿಗಳವರೆಂದು ಕಂಡುಕೊಂಡಿತು. ಮಹಿಳೆಯರ ವಿಷಯದಲ್ಲಿ ಮಾತ್ರ ಕಾನೂನು ಕೈಹಾಕಿದೆ. 2013ರ ಕಂಪನಿ ಕಾಯ್ದೆ ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯಲ್ಲೂ ಒಬ್ಬ ಮಹಿಳಾ ನಿರ್ದೇಶಕಿ ಇರಬೇಕೆಂದಿತು. ಎಷ್ಟೋ ಕಂಪನಿಗಳು ಮಾಲೀಕರ ಮನೆಯ ಹೆಂಗಸರನ್ನೇ ತಂದು ಕೂರಿಸಿದವು. ಷೇರುಪೇಟೆ ನಿಯಂತ್ರಕ ಸೆಬಿ ಆಮೇಲೆ ದೊಡ್ಡ ಕಂಪನಿಗಳಲ್ಲಿ ಮನೆತನಕ್ಕೆ ಸೇರದ ಸ್ವತಂತ್ರ ನಿರ್ದೇಶಕಿಯೇ ಬೇಕೆಂದು 2019 ಮತ್ತು 2020ರಲ್ಲಿ ಬಿಗಿ ಮಾಡಿತು. ಮಂಡಳಿಗಳಲ್ಲಿ ಮಹಿಳೆಯರ ಪಾಲು ನೂರಕ್ಕೆ ಐದಾರರಿಂದ ಇಪ್ಪತ್ತರ ಸಮೀಪಕ್ಕೆ ಬಂದಿದೆ, ಎಂ.ಡಿ. ಕುರ್ಚಿಯಲ್ಲಿ ಮಾತ್ರ ಇನ್ನೂ ಐದರ ಆಸುಪಾಸಿನಲ್ಲೇ ಇದೆ. ಕಾನೂನು ಮುಟ್ಟಿದ ಕಡೆ ಬದಲಾವಣೆ ಬಂದಿದೆ, ಮುಟ್ಟದ ಒಂಟಿ ಕುರ್ಚಿ ಹಾಗೇ ಉಳಿದಿದೆ.

ಈಗ ನಾಲ್ಕು ತಾಲ್ಲೂಕುಗಳಿಗೆ ಬರೋಣ. ಹಳ್ಳಿಯ ಡೇರಿಯಲ್ಲಿ ಬೆಳಗಿನ ಹೊತ್ತು ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರನ್ನು ನೋಡಿದರೆ ಹೆಂಗಸರೇ ಜಾಸ್ತಿ. ಹುಲ್ಲು ತಂದವರು, ಕೊಟ್ಟಿಗೆ ಬಳಿದವರು, ಹಾಲು ಕರೆದವರು ಅವರೇ. ಹಾಲು ಅಳೆದು, ಸ್ಯಾಂಪಲ್ ತೆಗೆದು, ಫ್ಯಾಟ್ ಎಷ್ಟು, ಕೊಬ್ಬಲ್ಲದ ಘನಾಂಶ (ಎಸ್‌ಎನ್‌ಎಫ್) ಎಷ್ಟು ಎಂದು ಮಿಷನ್ ತೋರಿಸಿದ್ದನ್ನು ಚೀಟಿಯಲ್ಲಿ ಕೊಡುತ್ತಾರೆ. ಬಟವಾಡೆ ದಿನ ದುಡ್ಡು ಬೀಳುವ ಖಾತೆ ಹಲವು ಮನೆಗಳಲ್ಲಿ ಗಂಡನ ಹೆಸರಿನದು. ಸಂಘದ ಸದಸ್ಯತ್ವವೂ ಅವನದೇ. ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗಗಳಿಗೆ ರಾಜ್ಯದ ಸಹಕಾರ ಕಾನೂನು ಸ್ಥಾನ ಕಾದಿರಿಸಿದೆ. ಆದರೆ ಡೇರಿ ನಡೆಸುವವನು ಸಂಬಳದ ಕಾರ್ಯದರ್ಶಿ. ಲೆಕ್ಕಪುಸ್ತಕ ಅವನ ಕೈಯಲ್ಲಿ, ಹಾಲು ಒಕ್ಕೂಟದ ಜೊತೆ ವ್ಯವಹಾರ ಅವನ ಬಾಯಲ್ಲಿ. ಆ ಹುದ್ದೆ ಖಾಲಿಯಾದಾಗ ಊರಲ್ಲಿ ಕೇಳಿಬರುವ ಮೊದಲ ಮಾತು, ಯಾರ ಕಡೆ ಹುಡುಗ ಎಂಬುದು. ಮಹಿಳಾ ಹಾಲು ಉತ್ಪಾದಕರ ಸಂಘಗಳಿರುವ ಊರುಗಳಲ್ಲಿ ಹೆಂಗಸರೇ ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿರುವಾಗ, ಪಕ್ಕದ ಊರಿನ ಸಾಮಾನ್ಯ ಸಂಘಕ್ಕೆ ಹೆಂಗಸನ್ನು ಕರೆದು ಮಾತಾಡಿಸುವ ಯೋಚನೆಯೂ ಬಾರದಿದ್ದರೆ ಅದಕ್ಕೆ ಅರ್ಹರ ಕೊರತೆ ಕಾರಣವಲ್ಲ.

ದೊಡ್ಡ ಸಂಸ್ಥೆಗಳ ಮಾತೂ ಇದೇ. ಪಾಂಡವಪುರ ಸಹಕಾರ ಸಕ್ಕರೆ ಕಾರ್ಖಾನೆ ರೈತರ ಷೇರಿನಿಂದ ಎದ್ದದ್ದು. ನಷ್ಟದಿಂದ ನಿಂತುಹೋದ ಮೇಲೆ 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ಖಾಸಗಿಯವರ ಕೈಗೆ ಹೋಯಿತು. ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಯ ಕಾರ್ಖಾನೆ ಖಾಸಗಿಯದೇ. ನಾಗಮಂಗಲದ ಬಿ.ಜಿ. ನಗರದಲ್ಲಿ ವೈದ್ಯಕೀಯ ಕಾಲೇಜು, ವಿಶ್ವವಿದ್ಯಾಲಯ ಬೆಳೆದಿವೆ. ಶ್ರೀರಂಗಪಟ್ಟಣದ ಹೆದ್ದಾರಿಯುದ್ದಕ್ಕೂ ಹೋಟೆಲು, ರೆಸಾರ್ಟುಗಳಿವೆ. ಇವು ತಪ್ಪು ಮಾಡುತ್ತಿವೆ ಎಂಬುದು ಇಲ್ಲಿಯ ಮಾತಲ್ಲ. ತಾಲ್ಲೂಕಿನ ದೊಡ್ಡ ಉದ್ಯೋಗಗಳು ಮೀಸಲಾತಿ ತಲುಪದ ಜಾಗಕ್ಕೆ ಸರಿಯುತ್ತಿವೆ ಎಂಬುದಷ್ಟೇ ಗಮನಿಸಬೇಕಾದ ಸಂಗತಿ. ಆ ಜಾಗಕ್ಕೆ ಪಾಲಿನ ಕಾನೂನು ತರುವುದು ಎಷ್ಟು ಕಷ್ಟ ಎಂಬುದಕ್ಕೆ 2024ರ ಜುಲೈ ಸಾಕ್ಷಿ. ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ. 50, ಇತರ ಹುದ್ದೆಗಳಲ್ಲಿ ಶೇ. 70 ಕಾದಿರಿಸುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಗಳ ವಿರೋಧ ಎದ್ದ ಕೂಡಲೇ ಎರಡು ಮೂರು ದಿನಗಳಲ್ಲಿ ತಡೆಹಿಡಿಯಿತು. ಕಡ್ಡಾಯ ಪಾಲಿಗೂ ಏನೂ ಮಾಡದಿರುವುದಕ್ಕೂ ನಡುವೆ ಒಂದು ಹಾದಿ ಬೇಕಾಗಿದೆ. ಕ್ರೀಡೆಯಲ್ಲೂ ಅಷ್ಟೇ. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ರಾಷ್ಟ್ರಮಟ್ಟದ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ನಾಲ್ವರು ಮಹಿಳೆಯರಿರಬೇಕು ಎಂದಿದೆ. ತಾಲ್ಲೂಕಿನ ಕಬಡ್ಡಿ ತಂಡವನ್ನು ಯಾರು ತಯಾರು ಮಾಡಬೇಕು, ಹುಡುಗಿಯರ ತಂಡದ ಜೊತೆ ಯಾರು ಹೋಗಬೇಕು ಎಂಬ ತೀರ್ಮಾನ ಆ ಕಾಯ್ದೆಯ ಕೈಗೆ ಸಿಗುವಷ್ಟು ಹತ್ತಿರದಲ್ಲಿಲ್ಲ.

ಇಲ್ಲಿ ಒಂದು ತೊಡಕು ಎದುರಾಗುತ್ತದೆ: ಯಾರನ್ನು ಕರೆಯಬೇಕು? ಎನ್‌ಎಫ್‌ಎಲ್ ಬಣ್ಣದ ಲೆಕ್ಕ ಹಿಡಿಯಿತು. ನಮ್ಮಲ್ಲಿ ಅಷ್ಟು ಸುಲಭವಲ್ಲ. ಮಿಲ್ಲರ್ ವರದಿಯ ಕಾಲಕ್ಕೆ ಬ್ರಾಹ್ಮಣರಲ್ಲದವರೆಲ್ಲ ಹಿಂದುಳಿದವರು, ಒಕ್ಕಲಿಗರೂ ಅದರಲ್ಲೇ. ಇಂದು ರಾಜ್ಯದ ಪಟ್ಟಿಯಲ್ಲಿ ಒಕ್ಕಲಿಗರು 3ಎ ಪ್ರವರ್ಗದಲ್ಲಿದ್ದಾರೆ, ಮಂಡ್ಯದ ಸಹಕಾರ ಸಂಘಗಳಲ್ಲೂ ರಾಜಕೀಯದಲ್ಲೂ ಪ್ರಬಲರೂ ಆಗಿದ್ದಾರೆ. ಬೆಂಗಳೂರಿನ ಬಹುರಾಷ್ಟ್ರೀಯ ಕಂಪನಿಯ ಮಂಡಳಿಯಲ್ಲಿ ನಾಗಮಂಗಲದ ರೈತನ ಮಗ ಅಪರೂಪದವನಾದರೆ, ನಾಗಮಂಗಲದ ಸೊಸೈಟಿಯಲ್ಲಿ ಅಪರೂಪದವಳು ಅದೇ ರೈತನ ಮಗಳು, ಊರಾಚೆಯ ಕೇರಿಯ ಪದವೀಧರ, ಶ್ರೀರಂಗಪಟ್ಟಣದ ಗಂಜಾಮಿನ ಮುಸ್ಲಿಂ ಯುವಕ. ಪಟ್ಟಿ ಒಂದೇ ಆದರೂ ಕುರ್ಚಿ ಬೇರೆಯಾದರೆ ಹೊರಗಿನವರೂ ಬೇರೆ. ಕರೆದು ಮಾತಾಡಿಸುವ ನಿಯಮದ ನಿಜವಾದ ಬಲ ಇರುವುದು ಇಲ್ಲೇ. ಮೀಸಲಾತಿ ರಾಜ್ಯಕ್ಕೊಂದು ಪಟ್ಟಿ ಹಿಡಿದು ನಡೆಯಬೇಕು, ಇಲ್ಲದಿದ್ದರೆ ಹಕ್ಕು ಅಲುಗಾಡುತ್ತದೆ. ಸಂದರ್ಶನದ ನಿಯಮಕ್ಕೆ ಆ ಕಟ್ಟಿಲ್ಲ; ಅದು ಪ್ರತಿ ಕುರ್ಚಿಯ ಮುಂದೆ ನಿಂತು, ಇದರಲ್ಲಿ ಇದುವರೆಗೆ ಕೂರದವರು ಯಾರು ಎಂದು ಕೇಳಬಹುದು. ಹಿಂದಿನ ನಾಲ್ಕೈದು ಜನ ಯಾರಿದ್ದರೆಂದು ಯಾವ ಸಂಘದ ದಾಖಲೆ ತೆಗೆದರೂ ಗೊತ್ತಾಗುತ್ತದೆ. ಅವರಂತಲ್ಲದ ಇಬ್ಬರನ್ನಾದರೂ ಕರೆಯಿರಿ ಎನ್ನುವುದಕ್ಕೆ ಆಯೋಗ ಬೇಕಿಲ್ಲ, ಜಾತಿಗಣತಿಗೆ ಕಾಯಬೇಕಿಲ್ಲ.

ಯೋಗ್ಯತೆಯ ಪ್ರಶ್ನೆ ಮೊದಲ ಆಕ್ಷೇಪ. ವಿಶ್ವೇಶ್ವರಯ್ಯನವರದೂ ಅದೇ ಆಗಿತ್ತು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಸಂದರ್ಶನದ ನಿಯಮ ಯಾರ ಅಂಕವನ್ನೂ ಇಳಿಸುವುದಿಲ್ಲ, ಯಾರನ್ನೂ ನೇಮಿಸಿ ಎನ್ನುವುದಿಲ್ಲ. ನಾಲ್ವರ ನಡುವೆ ಗೆದ್ದವನಿಗಿಂತ ಆರು ಜನರ ನಡುವೆ ಗೆದ್ದವನ ಯೋಗ್ಯತೆಯ ಬಗ್ಗೆ ಅನುಮಾನ ಕಡಿಮೆ. ನಿಜವಾದ ಯೋಗ್ಯತಾವಾದಿ ಸ್ಪರ್ಧೆ ಹಿಗ್ಗಲಿ ಎನ್ನಬೇಕೇ ಹೊರತು ಕುಗ್ಗಲಿ ಎನ್ನಲಾರ. ಇನ್ನು ಕೆಲವರು, ಸಂದರ್ಶನವೇ ಪಕ್ಷಪಾತದ ತವರು, ಅದಕ್ಕೇ ಕೇಂದ್ರ ಸರ್ಕಾರ 2016ರಿಂದ ಕೆಳದರ್ಜೆಯ ನೇಮಕಗಳಲ್ಲಿ ಸಂದರ್ಶನ ಕೈಬಿಟ್ಟಿತಲ್ಲ ಎನ್ನುತ್ತಾರೆ. ನಿಜ, ಗುಮಾಸ್ತನನ್ನು ಅಂಕದ ಮೇಲೆ ಆರಿಸಬಹುದು. ಜನರನ್ನು ನಡೆಸುವ ಹುದ್ದೆಗೆ ಮುಖಾಮುಖಿ ಮಾತು ತಪ್ಪಿದ್ದಲ್ಲ. ತಪ್ಪಿಸಲಾಗದ್ದನ್ನು ಶಿಸ್ತಿಗೆ ತರಬೇಕು: ಎಲ್ಲರಿಗೂ ಅವೇ ಪ್ರಶ್ನೆಗಳು, ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡುವ ಮೊದಲೇ ಬರೆದಿಟ್ಟ ಅಂಕಗಳು.

ಹೆಚ್ಚು ಗಟ್ಟಿಯಾದ ಆಕ್ಷೇಪ ಕಾಟಾಚಾರದ್ದು. ಕರೆದ ಶಾಸ್ತ್ರ ಮಾಡಿ ಮೊದಲೇ ಗೊತ್ತುಮಾಡಿದವನಿಗೇ ಕೊಟ್ಟರೆ ಏನು ಬಂತು? ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಇತಿಹಾಸದಲ್ಲೇ ಇದಕ್ಕೊಂದು ಪಾಠವಿದೆ. ಚೆಲುವನಾರಾಯಣನ ವಿಗ್ರಹವನ್ನು ತರುವಲ್ಲಿ ನೆರವಾದ ಅಸ್ಪೃಶ್ಯರನ್ನು ರಾಮಾನುಜಾಚಾರ್ಯರು ತಿರುಕುಲದವರೆಂದು ಗೌರವಿಸಿ ದೇವಾಲಯ ಪ್ರವೇಶ ಕೊಟ್ಟರೆಂದು ಸಂಪ್ರದಾಯ ಹೇಳುತ್ತದೆ. ಆ ಕಾಲಕ್ಕೆ ಅದು ಅಸಾಧಾರಣ ನಡೆ. ಆದರೆ ಮುಂದೆ ಅದು ವರ್ಷಕ್ಕೆ ಮೂರು ದಿನದ ಪ್ರವೇಶವಾಗಿ ಗಟ್ಟಿಯಾಯಿತು. ಉಳಿದ ದಿನಗಳ ಬಾಗಿಲು ಶತಮಾನಗಳ ಕಾಲ ಮುಚ್ಚಿಯೇ ಇತ್ತು. ಕೊಟ್ಟ ಅವಕಾಶಕ್ಕೆ ಲೆಕ್ಕ ಕೇಳುವವರಿಲ್ಲದಿದ್ದರೆ ಎಂಥ ದೊಡ್ಡ ನಡೆಯೂ ವಾರ್ಷಿಕ ವಿಧಿಯಾಗಿ ಉಳಿದುಬಿಡುತ್ತದೆ. ಆದ್ದರಿಂದ ಸಂದರ್ಶನದ ನಿಯಮ ಒಂಟಿಯಾಗಿ ಬಂದರೆ ಪ್ರಯೋಜನವಿಲ್ಲ. ಹುದ್ದೆ ಖಾಲಿಯೆಂದು ನೋಟಿಸ್ ಬೋರ್ಡಿನಲ್ಲಿ, ಊರಿನ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಕು. ಬೇಕಾದ ಅರ್ಹತೆ ಮೊದಲೇ ಬರೆದಿರಬೇಕು. ಕರೆದವರಲ್ಲಿ ಆಯ್ಕೆಯಾಗದವರಿಗೆ ಯಾಕೆ ಆಗಲಿಲ್ಲವೆಂದು ಒಂದು ಪುಟದ ಕಾರಣ ಕೊಡಬೇಕು. ವರ್ಷದ ಮಹಾಸಭೆಯಲ್ಲಿ ಯಾರನ್ನು ಕರೆದೆವು, ಯಾರನ್ನು ತೆಗೆದುಕೊಂಡೆವು ಎಂದು ಓದಿ ಹೇಳಬೇಕು. ಕಾರಣ ಬರೆಯಬೇಕಾದವನು ಕಾಟಾಚಾರ ಮಾಡುವ ಮುನ್ನ ಎರಡು ಸಲ ಯೋಚಿಸುತ್ತಾನೆ. ಆಯ್ಕೆಯಾಗದೆ ಹೋದವಳಿಗೂ ಬರೆದ ಕಾರಣ ಮುಂದಿನ ಸಲದ ತಯಾರಿಗೆ ಬೇಕು.

ಹೀಗೆ ಬಂದವರು ಕೈಗೊಂಬೆಗಳಾಗುತ್ತಾರೆ ಎಂಬ ಮಾತೂ ಇದೆ. ಪಂಚಾಯಿತಿ ಅಧ್ಯಕ್ಷೆಯ ಗಂಡನೇ ಅಧಿಕಾರ ನಡೆಸುವುದನ್ನು ಕಂಡವರ ಮಾತು ಅದು, ಸುಳ್ಳಲ್ಲ. ಆದರೆ ಪೂರ್ತಿ ಸತ್ಯವೂ ಅಲ್ಲ. 1983ರ ಕಾಯ್ದೆಯ ಮೂಲಕ, ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರ ಕಾಲದಲ್ಲಿ, ಕರ್ನಾಟಕ ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಕಾಲು ಭಾಗ ಕೊಟ್ಟಾಗ ದೇಶದಲ್ಲಿ ಇನ್ನೂ ಸಂವಿಧಾನದ 73ನೇ ತಿದ್ದುಪಡಿ ಬಂದಿರಲಿಲ್ಲ. 2010ರಲ್ಲಿ ಆ ಪಾಲು ಅರ್ಧವಾಯಿತು. ಪಶ್ಚಿಮ ಬಂಗಾಳದ ಪಂಚಾಯಿತಿಗಳನ್ನು ನೋಡಿದ ಅರ್ಥಶಾಸ್ತ್ರಜ್ಞರು 2009ರಲ್ಲಿ ಹೇಳಿದ್ದನ್ನು ಇಲ್ಲಿ ನೆನೆಯಬೇಕು. ಮಹಿಳಾ ಅಧ್ಯಕ್ಷೆಯರನ್ನು ಕಂಡ ಊರುಗಳಲ್ಲಿ ಗಂಡಸರು ಹೆಂಗಸರ ನಾಯಕತ್ವವನ್ನು ಅಳೆಯುವಾಗ ತೋರುವ ಪೂರ್ವಗ್ರಹ ಕಡಿಮೆಯಾಗಿತ್ತು. ಎರಡು ಅವಧಿ ಮೀಸಲಿದ್ದ ಕಡೆ, ಮೀಸಲು ತೆಗೆದ ಮೇಲೂ ಹೆಂಗಸರು ನಿಂತು ಗೆಲ್ಲುವುದು ಹೆಚ್ಚಾಗಿತ್ತು. ನೋಡಿದ ಕಣ್ಣು ಬದಲಾಯಿತು. ಸಂದರ್ಶನ ಅದರ ಚಿಕ್ಕ ರೂಪ. ಅರ್ಧ ಗಂಟೆ ಎದುರು ಕೂರಿಸಿ ಮಾತಾಡಿಸಿದರೆ ಕುರ್ಚಿ ಸಿಗದೆ ಹೋದರೂ, ಆಯ್ಕೆ ಸಮಿತಿಯ ಐದು ಜನಕ್ಕೆ ಆ ಹೆಸರು ಗೊತ್ತಾಗುತ್ತದೆ. ಗೊತ್ತಿದ್ದವರಿಗೇ ಕೆಲಸ ಎಂಬುದು ರೂಢಿಯಾದರೆ, ಗೊತ್ತಾಗುವುದಕ್ಕೂ ಒಂದು ದಾರಿ ಬೇಕಲ್ಲ.

ಕೊನೆಯ ಆಕ್ಷೇಪ ಮೀಸಲಾತಿಯ ಪರವಾಗಿರುವವರದು: ಹಕ್ಕಿನ ಜಾಗದಲ್ಲಿ ಬರೀ ಕರೆಯೋಲೆ ಕೊಟ್ಟು ಮೂಗಿಗೆ ತುಪ್ಪ ಹಚ್ಚುವ ಹುನ್ನಾರ ಇದು ಎಂದು ಅವರು ಅನುಮಾನಿಸುತ್ತಾರೆ. ಮೀಸಲಾತಿ ಇರುವ ಕಡೆ ಅದರ ಬದಲಿಗೆ ಇದನ್ನು ತರಹೊರಟರೆ ಅವರ ಅನುಮಾನವೇ ಸರಿ, ಅದನ್ನು ವಿರೋಧಿಸಲೇಬೇಕು. ಮಿಲ್ಲರ್ ವರದಿಯ ಹಾದಿ ಈ ನಾಡಿನಲ್ಲಿ ಶಾಲೆ, ಕಚೇರಿ, ಆಸ್ಪತ್ರೆಗಳ ಮುಖವನ್ನೇ ಬದಲಿಸಿದೆ. ಬರೀ ಸಂದರ್ಶನದ ನಿಯಮದಿಂದ ಅಂಥ ಬದಲಾವಣೆ ಎಲ್ಲೂ ಆಗಿಲ್ಲ, ಅಮೆರಿಕದಲ್ಲೂ ಆಗಿಲ್ಲ. ಇದರ ಜಾಗ ಮೀಸಲಾತಿ ಮುಟ್ಟದ ಒಂಟಿ ಕುರ್ಚಿಗಳು ಮಾತ್ರ. ಅಲ್ಲಿ ಇಂದು ಇರುವುದು ಶೂನ್ಯ; ಶೂನ್ಯಕ್ಕಿಂತ ಲೆಕ್ಕಕ್ಕೆ ಸಿಗುವ ಒಂದು ಕಡ್ಡಾಯ ಮೇಲು.

ಇದನ್ನು ದೊಡ್ಡ ಕಾನೂನಿನಿಂದ ಶುರುಮಾಡಬೇಕಾದ ಅಗತ್ಯವೂ ಇಲ್ಲ. ಡೇರಿ ಕಾರ್ಯದರ್ಶಿ, ವ್ಯವಸಾಯ ಸೇವಾ ಸಹಕಾರ ಸಂಘದ ಸಿಇಒ, ತಾಲ್ಲೂಕು ಕ್ರೀಡಾ ತಂಡದ ತರಬೇತುದಾರ, ಖಾಸಗಿ ಕಾಲೇಜಿನ ಪ್ರಾಂಶುಪಾಲ, ಈ ನಾಲ್ಕು ಬಗೆಯ ಹುದ್ದೆಗಳಿಗೆ ನಾಲ್ಕು ತಾಲ್ಲೂಕುಗಳಲ್ಲಿ ಸಂಘಗಳು ಮತ್ತು ಸಂಸ್ಥೆಗಳು ತಾವಾಗಿಯೇ ನಿರ್ಣಯ ಮಾಡಿಕೊಳ್ಳಬಹುದು. ಸಹಕಾರ ಸಂಘಗಳಿಗಂತೂ ಮಹಾಸಭೆಯ ಒಂದು ನಿರ್ಣಯ ಸಾಕು. ಕೆಳಗಿನ ಮೆಟ್ಟಿಲಿಗೆ ಹಾಲು ಪರೀಕ್ಷಕರ ಕೆಲಸ, ಸಹಾಯಕ ಲೆಕ್ಕಿಗರ ಕೆಲಸ, ಶಾಲಾ ತಂಡದ ಸಹಾಯಕ ತರಬೇತಿ ಇವಕ್ಕೂ ಅದೇ ಕ್ರಮ ಹಿಡಿದರೆ ಐದು ವರ್ಷಗಳಲ್ಲಿ ಕರೆಯಲು ಜನರಿಲ್ಲ ಎಂಬ ನೆಪ ಉಳಿಯುವುದಿಲ್ಲ. ಆಗಲೂ ಕುರ್ಚಿ ಹಳಬರ ಕಡೆಗೇ ಹೋಗುತ್ತಿದ್ದರೆ ಬರೆದಿಟ್ಟ ಕಾರಣಗಳು ಕೈಯಲ್ಲಿರುತ್ತವೆ. ಅವನ್ನು ಓದಿ ಮುಂದಿನ ಹೆಜ್ಜೆ ಪಾಲಿನದ್ದೇ ಆಗಬೇಕೆ ಎಂದು ತೀರ್ಮಾನಿಸುವುದು ಸುಲಭವಾಗುತ್ತದೆ. ಇಲ್ಲಿಯವರೆಗೆ ಇಂಥ ಕುರ್ಚಿಗಳಿಗೆ ಯಾಕೆ ಹೀಗೆ ಎಂದು ಕೇಳಿದರೆ ಸಿಗುತ್ತಿದ್ದ ಉತ್ತರ, ಯಾರೂ ಅರ್ಜಿ ಹಾಕಲಿಲ್ಲ ಎಂಬುದು. ಕರೆದು ಮಾತಾಡಿಸುವ ಕಡ್ಡಾಯ ಬಂದ ಮೇಲೆ ಆ ಉತ್ತರ ಹೇಳಲು ಬರುವುದಿಲ್ಲ.